ಭಾಗವಾಗದ ನಂಬರು

ಎಲ್ಲದಕ್ಕೂ ಮೂಲ ಒಂದು ಎಳ್ಳುಂಡೆ.

ಶನಿವಾರ ಎಳ್ಳುಂಡೆ ಕಟ್ಟಿ ಹೋಟೆಲಿನ ಕೆಲಸದವರಿಗೆ ಹಂಚುವುದು ಜಯಲತಕ್ಕ ನಡೆಸಿಕೊಂಡು ಬಂದ ನೇಮ. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿರುವ ಹೋಟೆಲ್ ಪಂಚಮಿಯ ಧಣಿಗಳಾದ ಸರ್ವೋತ್ತಮ ಶೆಟ್ಟರು ಮತ್ತು ಕುಶಲ ಶೆಟ್ಟರ ತಾಯಿ ಅವರು. ಆ ಶನಿವಾರವೂ ಹರಿವಾಣ ಮುಂದಿಟ್ಟುಕೊಂಡು ಉಂಡೆಗಳನ್ನು ಪಾಲು ಮಾಡಲು ಕುಳಿತರು. ಎರಡೆರಡು ಇಟ್ಟರು, ಕೊನೆಗೊಂದು ಉಳಿಯಿತು. ಮೂರು ಮೂರು ಇಟ್ಟರು, ಒಂದು ಉಳಿಯಿತು. ನಾಲ್ಕು ಇಟ್ಟರೂ ಐದು ಇಟ್ಟರೂ ಆ ಒಂದು ಉಂಡೆ ಹರಿವಾಣದ ನಡುವೆ ಹಟ ಹಿಡಿದು ಕುಳಿತೇ ಇತ್ತು.

"ಎಂತ ಗ್ರಾಚಾರ ಇದು, ಹೇಗಿಟ್ಟರೂ ಒಂದು ಉಳೀತದಲ್ಲ" ಎಂದು ಜಯಲತಕ್ಕ ನೊಂದುಕೊಂಡರು.

ಗಲ್ಲಾದಲ್ಲಿ ಕುಳಿತಿದ್ದ ಮುರಾರಿರಾಯರು ಆಗ ಸುಮ್ಮನಿರಬೇಕಿತ್ತು. ಆದರೆ ಉಡುಪಿಯಲ್ಲಿ ಗಣಿತ ಓದಿ ಪದವಿ ಪಡೆದು, ಅರ್ಧ ಆಯುಷ್ಯವನ್ನು ಇಡ್ಲಿವಡೆಯ ಬಿಲ್ಲು ಹರಿಯುವುದರಲ್ಲಿ ಕಳೆದವರಿಗೆ ಇಂಥ ಅವಕಾಶ ದಿನಾ ಒದಗಿ ಬರುವುದಿಲ್ಲ. ಅವರ ಬಾಯಿ ತಾನಾಗಿ ತೆರೆಯಿತು.

"ಅಮ್ಮ, ಒಟ್ಟು ಅರವತ್ತೊಂದು ಉಂಟು. ಅದು ಅವಿಭಾಜ್ಯ ಸಂಖ್ಯೆ. ಅದನ್ನ ಸಮ ಪಾಲು ಮಾಡ್ಲಿಕ್ಕೆ ಬ್ರಹ್ಮ ಬಂದ್ರೂ ಆಗುದಿಲ್ಲ."

ಜಯಲತಕ್ಕ ಉಂಡೆಯನ್ನು ಬಿಟ್ಟು ರಾಯರ ಮುಖವನ್ನೇ ನೋಡಿದರು. ಕಿರಿಯವನ ಬಾಯಲ್ಲಿ ಪಾಲಿನ ಮಾತು ಬಂದಾಗಿನಿಂದ, ಮಕ್ಕಳಿಬ್ಬರೂ ಪಾಲಾಗುತ್ತಾರೆ ಎನ್ನುವ ಭಯದಲ್ಲಿ ಆಕೆ ನಿದ್ದೆಗೆಟ್ಟು ತಿಂಗಳುಗಳಾಗಿದ್ದವು. ಪಾಲು ಮಾಡಲು ಬರದೇ ಇರುವಂಥದ್ದೂ ಈ ಲೋಕದಲ್ಲಿ ಇದೆ ಎಂದು ಮೊದಲ ಬಾರಿ ಕೇಳಿದ್ದರು.

ಎರಡು ದಿನ ಬಿಟ್ಟು ರಾಯರಿಗೆ ಧಣಿಗಳ ಮನೆಯಿಂದ ಜಯಲತಕ್ಕನ ಕರೆ ಬಂತು. "ಹೊಸ ಕಾರು ಬಂದಿದೆಯಲ್ಲ ರಾಯರೇ, ಅದಕ್ಕೆ ಅಂಥ ನಂಬರು ಬೇಕು. ಎಳ್ಳುಂಡೆಯಷ್ಟು ಸಣ್ಣದಲ್ಲ, ದೊಡ್ಡದು. ನನ್ನ ಹೆಸರಿನ ಕಾರು, ಮಕ್ಕಳಿಬ್ಬರೂ ಒಟ್ಟಿಗೆ ಕೂತು ಓಡಾಡುವ ಕಾರು. ಯಾರಿಗೂ ಪಾಲು ಮಾಡ್ಲಿಕ್ಕೆ ಆಗ್ಬಾರದು."

ರಾಯರು ಉಬ್ಬಿಹೋದರು. ನಾಲ್ಕಂಕಿಯ ಅವಿಭಾಜ್ಯ ಸಂಖ್ಯೆಗಳಲ್ಲೆಲ್ಲ ದೊಡ್ಡದು 9973 ಎಂಬುದು ಕಾಲೇಜಿನ ದಿನಗಳಿಂದಲೂ ಅವರ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಯಾರಾದರೂ ಕೇಳಿಯಾರು ಎಂದು ಇಷ್ಟು ವರ್ಷ ಕಾದಿದ್ದರು, ಯಾರೂ ಕೇಳಿರಲಿಲ್ಲ.

ಉಬ್ಬುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಕಿರಿಯ ಧಣಿ ಕುಶಲ ರಬಾಳೆಯ ಕಾರ್ಖಾನೆಗಳ ನಡುವೆ ಒಂದು ಜಾಗ ನೋಡಿದ್ದ. ದೀಪಾವಳಿಯ ಹೊತ್ತಿಗೆ ಅಲ್ಲಿ ಹೊಸ ಹೋಟೆಲು, ಅದಕ್ಕೆ ಮುರಾರಿರಾಯರೇ ಮ್ಯಾನೇಜರು ಎಂದು ಒಳಗೊಳಗೇ ಮಾತಾಗಿತ್ತು. ಗಾಜಿನ ಬಾಗಿಲಿನ ಪುಟ್ಟ ಕೋಣೆ, ತಿರುಗುವ ಕುರ್ಚಿ, ಮೇಜಿನ ಮೇಲೆ ಹೆಸರಿನ ಫಲಕ. "ಅಮ್ಮನನ್ನ ಖುಷಿ ಮಾಡಿ ರಾಯರೇ. ಅವರು ಖುಷಿಯಾಗಿದ್ರೆ ನಿಮ್ಮ ವಿಷಯ ನಾನು ಧೈರ್ಯವಾಗಿ ಎತ್ತಬಹುದು" ಎಂದು ಕುಶಲ ಹೇಳಿದ್ದ. ರಾಯರು ಇದನ್ನು ಗುಟ್ಟಾಗಿ ಹೆಂಡತಿ ಬಾಗಿಗೆ ಹೇಳಿದರು. ಬಾಗಿ ಗುಟ್ಟಾಗಿ ಎದುರು ಮನೆಯ ಅಂಗಾರನಿಗೆ ಹೇಳಿದಳು. ಅಂಗಾರನಿಗೆ ಹೇಳಿದ ಮೇಲೆ ಕಟ್ಟಡದಲ್ಲಿ ಇನ್ಯಾರಿಗೂ ಹೇಳುವ ಅಗತ್ಯ ಬರಲಿಲ್ಲ.

ಬುಧವಾರ ಬೆಳಿಗ್ಗೆ ರಾಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಲ್ಯಾಣದ ಆರ್‌ಟಿಒಗೆ ಹೊರಟರು. ಕಾರಿನ ಕಾಗದಪತ್ರಗಳೆಲ್ಲ ಮುಗಿದಿದ್ದವು, ನಂಬರು ಆರಿಸುವುದೊಂದೇ ಬಾಕಿ. ಸಂಜೆ ಹೋಟೆಲಿನ ಎದುರು ಕಾರಿನ ಪೂಜೆ. ಪ್ಲಾಟ್‌ಫಾರಂ ಮೇಲೆ ನಿಂತಿದ್ದಾಗ ಮೊಬೈಲು ಹೊಡೆದುಕೊಂಡಿತು. ಸರ್ವೋತ್ತಮ ಶೆಟ್ಟರ ಹೆಂಡತಿ, ರಮಿತಕ್ಕ.

"ರಾಯರೇ, ನಂಬರು ಕೂಡಿದ್ರೆ ಒಂಬತ್ತು ಬರ್ಬೇಕು. ನಮ್ಮ ಅಪ್ಪನ ಮನೆಯ ಗಾಡಿಗಳೆಲ್ಲ ಒಂಬತ್ತೇ. ನನ್ನ ತಮ್ಮ ಹಟ ಮಾಡಿ ಎಂಟು ಬರುವ ಸ್ಕೂಟರು ತಗೊಂಡ, ಕಳಂಬೋಲಿಯಲ್ಲಿ ಕಬ್ಬಿಣದ ಲಾರಿಯ ಹಿಂದೆ ಹೋಗಿ ಗುದ್ದಿದ. ಒಂಬತ್ತು ಬಾರದ ಕಾರಿನಲ್ಲಿ ನಾನಂತೂ ಕೂರುದಿಲ್ಲ."

"ಆಯ್ತಕ್ಕ" ಎಂದರು ರಾಯರು. ಗಲ್ಲಾದಲ್ಲಿ ಕುಳಿತವರಿಗೆ ಮೊದಲು ಆಯ್ತು ಎಂದು ಆಮೇಲೆ ಯೋಚಿಸುವ ಅಭ್ಯಾಸ. ಚಟ್ನಿ ಸಾಕಾಗಿಲ್ಲ ಎಂದರೂ ಆಯ್ತು, ಫ್ಯಾನು ತಿರುಗುತ್ತಿಲ್ಲ ಎಂದರೂ ಆಯ್ತು.

ಅಂಬರನಾಥ ಲೋಕಲ್ಲಿನಲ್ಲಿ ಸೀಟು ಸಿಕ್ಕಿತು. ಪಕ್ಕದಲ್ಲೇ ಅಂಗಾರ, ಅಂಬರನಾಥದ ಕಾರ್ಖಾನೆಗೆ ಹೊರಟವನು. "ಏನು ಮ್ಯಾನೇಜರ್ ಸಾಬ್, ಫಸ್ಟ್ ಕ್ಲಾಸ್ ಪಾಸ್ ಯಾವಾಗ?" ಎಂದು ರೈಲುಡಬ್ಬಿಗೆಲ್ಲ ಕೇಳುವಂತೆ ವಿಚಾರಿಸಿದ. ರಾಯರು ನಕ್ಕು, ಕೈಯಲ್ಲಿದ್ದ ಪೇಪರಿನ ಅಂಚಿನಲ್ಲಿ ಕೂಡಿಸಲು ತೊಡಗಿದರು. 9973 ಕೂಡಿದರೆ ಇಪ್ಪತ್ತೆಂಟು, ಅದನ್ನು ಕೂಡಿದರೆ ಹತ್ತು, ಅದನ್ನೂ ಕೂಡಿದರೆ ಒಂದು. ಹೋಗಲಿ, ಅದರ ಕೆಳಗಿನ ಅವಿಭಾಜ್ಯ ಸಂಖ್ಯೆ 9967. ಮೂವತ್ತೊಂದು, ಅಂದರೆ ನಾಲ್ಕು. 9949, ಮತ್ತೆ ನಾಲ್ಕು. 9941, ಐದು. ಒಂದು ಬಂತು, ಎರಡು ಬಂತು, ಏಳು ಬಂತು. ಒಂಬತ್ತು ಮಾತ್ರ ಬರಲೊಲ್ಲದು.

ಠಾಕುರ್ಲಿ ದಾಟುವಾಗ ರಾಯರ ಪೆನ್ನು ನಿಂತಿತು. ಅಂಕಿಗಳನ್ನು ಕೂಡಿ ಒಂಬತ್ತು ಬಂದರೆ ಆ ಸಂಖ್ಯೆ ಒಂಬತ್ತರಿಂದ ಭಾಗ ಹೋಗುತ್ತದೆ. ಕಟ್ಟಡದ ಮಕ್ಕಳಿಗೆ ಅವರೇ ಎಷ್ಟೋ ಸಲ ಹೇಳಿಕೊಟ್ಟ ಪಾಠ ಅದು. ಅತ್ತೆ ಕೇಳಿದ್ದು ಯಾವುದರಿಂದಲೂ ಭಾಗ ಹೋಗದ ಸಂಖ್ಯೆ. ಸೊಸೆ ಕೇಳಿದ್ದು ಭಾಗ ಹೋಗಿಯೇ ಹೋಗುವ ಸಂಖ್ಯೆ. ಇಬ್ಬರಿಗೂ ಒಪ್ಪುವಂಥದ್ದು ನಾಲ್ಕಂಕಿಯಲ್ಲಿರಲಿ, ನಾಲ್ಕು ಸಾವಿರ ಅಂಕಿಯಲ್ಲಿ ಹುಡುಕಿದರೂ ಇಲ್ಲ. ರಾಯರ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಮುಖ ಯಾಕೆ ಹಾಗಾಯ್ತು?" ಎಂದ ಅಂಗಾರ. ರಾಯರು ಹೇಳಿದರು. ಹೇಳಬಾರದಿತ್ತು.

"ಇಷ್ಟೇಯಾ? ದೊಡ್ಡಮ್ಮನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿ ಮಾರಾಯ್ರೆ. ದೊಡ್ಡವರು ಅರ್ಥ ಮಾಡ್ಕೊಳ್ತಾರೆ." ಹೇಳಿದ್ದಷ್ಟೇ ಅಲ್ಲ, ರಾಯರ ಮೊಬೈಲು ಕಿತ್ತುಕೊಂಡು ತಾನೇ ನಂಬರು ಒತ್ತಿ ಅವರ ಕಿವಿಗಿಟ್ಟ.

"ಅಮ್ಮ, ಒಂದು ಸಣ್ಣ ತೊಂದರೆ. ಕೂಡಿದ್ರೆ ಒಂಬತ್ತು ಬರ್ಬೇಕಂತೆ. ಒಂಬತ್ತು ಬಂದ್ರೆ ಭಾಗ ಹೋಗ್ತದೆ."

"ಒಂಬತ್ತು ಬೇಕು ಅಂತ ಯಾರು ಹೇಳಿದ್ದು?"

"ರಮಿತಕ್ಕ."

"ಹಾಗಾ" ಎಂದು ಜಯಲತಕ್ಕ ಫೋನಿಟ್ಟರು. ಆ ಎರಡಕ್ಷರದಲ್ಲಿ ಎಷ್ಟು ಅಡಗಿದೆಯೆಂದು ರಾಯರಿಗೆ ತಿಳಿಯಲು ಲೋಕಲ್ಲು ಕಲ್ಯಾಣ ಮುಟ್ಟುವವರೆಗೂ ಕಾಯಬೇಕಾಗಲಿಲ್ಲ.

"ನಾನು ಮನೆ ಒಡೀಲಿಕ್ಕೆ ನಂಬರು ಕೇಳಿದೆ ಅಂತ ಅತ್ತೆಗೆ ಹೇಳಿದ್ದು ನೀವಾ?" ಈ ಸಲ ಫೋನಿನಲ್ಲಿ ರಮಿತಕ್ಕ. "ಹದಿನೈದು ವರ್ಷ ಆಯ್ತು ಈ ಮನೆಗೆ ಬಂದು. ಒಂದು ದಿನ ಎದುರು ಮಾತಾಡಿಲ್ಲ. ಒಂಬತ್ತು ಕೇಳಿದ್ದು ಎಲ್ಲರೂ ಚೆನ್ನಾಗಿರ್ಲಿ ಅಂತ." ರಾಯರು ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಯಿತು.

ಮುಂದಿನದು ಸರ್ವೋತ್ತಮ ಶೆಟ್ಟರದು. "ರಾಯರೇ, ನಿಮ್ಮನ್ನ ಕಳಿಸಿದ್ದು ನಂಬರು ತರ್ಲಿಕ್ಕೆ. ಇಲ್ಲಿ ಅತ್ತೆ ಒಂದು ಕೋಣೆ, ಸೊಸೆ ಒಂದು ಕೋಣೆ ಬಾಗಿಲು ಹಾಕಿ ಕೂತಿದ್ದಾರೆ. ನನಗೆ ಬೆಳಿಗ್ಗೆಯ ಚಾ ಸಹ ಸಿಕ್ಕಿಲ್ಲ." ಹೋಟೆಲಿನ ಧಣಿಗೆ ಮನೆಯಲ್ಲಿ ಚಾ ಸಿಗದೇ ಇರುವುದು ಸಣ್ಣ ಅವಮಾನವಲ್ಲ ಎಂದು ರಾಯರಿಗೆ ಗೊತ್ತಿತ್ತು.

ಕೊನೆಗೆ ಕುಶಲ. ಅವನದೇ ಹೆಚ್ಚು ನೋಯಿಸಿತು, ಯಾಕೆಂದರೆ ಅವನು ಮೆಲ್ಲಗೆ ಮಾತಾಡಿದ. "ಅಮ್ಮ ಅಳ್ತಿದ್ದಾರೆ ರಾಯರೇ. ಸಂಜೆ ಪೂಜೆಯ ಹೊತ್ತಿಗೆ ಅವರ ಮುಖದಲ್ಲಿ ನಗು ಕಾಣದಿದ್ರೆ ನಿಮ್ಮ ವಿಷಯ ನಾನು ಯಾವ ಬಾಯಲ್ಲಿ ಎತ್ಲಿ, ನೀವೇ ಹೇಳಿ."

ತಿರುಗುವ ಕುರ್ಚಿ ರಾಯರ ಕಣ್ಣೆದುರೇ ತಿರುಗಿ, ಬೆನ್ನು ತೋರಿಸಿತು.

ಆರ್‌ಟಿಒ ಹೊರಗಿನ ಚಹಾದಂಗಡಿಯಲ್ಲಿ ಏಜೆಂಟ್ ಶಂಭು ಕಾಯುತ್ತಿದ್ದ. ಬೆಳಗಾವಿ ಕಡೆಯವನು. ಮರಾಠಿಯಲ್ಲಿ ಸಾಹೇಬರನ್ನು, ಹಿಂದಿಯಲ್ಲಿ ಡ್ರೈವರುಗಳನ್ನು, ಕನ್ನಡದಲ್ಲಿ ಶೆಟ್ಟರನ್ನು ಸಂಭಾಳಿಸುವವನು. ರಾಯರು ತಮ್ಮ ಫಜೀತಿಯನ್ನು ಅವನ ಮುಂದಿಟ್ಟರು.

"ಲಗೂನ ನಂಬರ್ ಹೇಳ್ರಿ ಸರ. ಊಟದ ಹೊತ್ತಿಗೆ ಖಿಡಕಿ ಬಂದ್ ಆಗ್ತದ. ಒಂಬತ್ತ ಬೇಕಂದ್ರ 2727 ಐತಿ, 4545 ಐತಿ, ಮಸ್ತ್ ನಂಬರ್."

"ಎಲ್ಲ ಭಾಗ ಹೋಗ್ತವೆ ಶಂಭು."

"ಹೋಗಲಿ ಬಿಡ್ರಿ. ಗಾಡಿ ಓಡೂದು ಪೆಟ್ರೋಲ್ ಮ್ಯಾಲ, ಭಾಗಾಕಾರದ ಮ್ಯಾಲ ಅಲ್ಲ."

ರಾಯರು ತಲೆಯ ಮೇಲೆ ಕೈ ಹೊತ್ತು ಬೆಂಚಿನ ಮೇಲೆ ಕುಳಿತರು. ಜಯಲತಕ್ಕನ ನಂಬರು ತೆಗೆದುಕೊಂಡರೆ ರಮಿತಕ್ಕ ಕಾರು ಹತ್ತುವುದಿಲ್ಲ. ರಮಿತಕ್ಕನದು ತೆಗೆದುಕೊಂಡರೆ ಜಯಲತಕ್ಕ ಮುಖ ಎತ್ತುವುದಿಲ್ಲ. ಎರಡರಲ್ಲೂ ಹಾಳಾಗುವುದು ತಾನೊಬ್ಬನೇ ಎಂಬುದು ಅವರಿಗೆ ಯಾವ ಲೆಕ್ಕವೂ ಇಲ್ಲದೆ ತಿಳಿಯಿತು. ಎದುರಿನ ಅಂಗಡಿಯಲ್ಲಿ ಪೇಂಟರೊಬ್ಬ ಟೆಂಪೋದ ಪ್ಲೇಟಿಗೆ ಬಣ್ಣ ಹಚ್ಚುತ್ತಿದ್ದ. ಅವಸರದಲ್ಲಿ ಕೊನೆಯ ನಾಲ್ಕಂಕಿಯಷ್ಟೇ ಬರೆದು ಕೊಡಲು ಹೋದ. ಶಂಭು ಕೂತಲ್ಲಿಂದಲೇ ಅವನಿಗೆ ಕೂಗಿ ಹೇಳಿ, ರಾಯರ ಕಡೆ ತಿರುಗಿದ.

"ನೋಡ್ರಿ ಸರ, ಎಂಎಚ್ ಝೀರೋ ಫೈವ್ ಬರಿಯೋದ ಬಿಟ್ಟಾನ. ಪೊಲೀಸ್ನೋರು ಓದಿದ್ರ ಪೂರಾ ಪ್ಲೇಟ್ ಓದ್ತಾರ, ಅರ್ಧಾ ಓದಂಗಿಲ್ಲ."

ರಾಯರು ಎದ್ದು ನಿಂತರು. ಝೀರೋ ಫೈವ್. ಕಲ್ಯಾಣದ ಗಾಡಿಗಳಿಗೆಲ್ಲ ಐದು ಮೊದಲೇ ಇರುತ್ತದೆ. ಹಾಗಿದ್ದ ಮೇಲೆ ನಾಲ್ಕು ಬರುವ ಅವಿಭಾಜ್ಯ ಸಂಖ್ಯೆ ಸಿಕ್ಕರೆ ಸಾಕು. ನಾಲ್ಕೂ ಐದೂ ಒಂಬತ್ತು. ಬೆಳಿಗ್ಗೆ ಪೇಪರಿನ ಅಂಚಿನಲ್ಲಿ ಬಿದ್ದಿದ್ದ 9967 ಅವರನ್ನೇ ಕಾಯುತ್ತಿತ್ತು. ಅರ್ಧ ಓದಿದರೆ ಅತ್ತೆಯ ನಂಬರು, ಪೂರಾ ಓದಿದರೆ ಸೊಸೆಯ ನಂಬರು.

ರಮಿತಕ್ಕನಿಗೆ ಫೋನ್ ಮಾಡಿದರು. ಆಕೆ ಮುನಿಸಿನಲ್ಲೇ ಒಪ್ಪಿದರು. "ಪೂರಾ ಪ್ಲೇಟು ಕೂಡಿ ಒಂಬತ್ತಾದ್ರೆ ಅದು ಇನ್ನೂ ಗಟ್ಟಿ. ಆದ್ರೆ ಅದರಲ್ಲಿ ಒಂಬತ್ತು ಉಂಟು ಅಂತ ಅತ್ತೆಗೆ ಹೇಳ್ಬೇಡಿ."

ಆದರೆ ಈಗ ಹೊಸ ಹೆದರಿಕೆ ಹುಟ್ಟಿತು. 9973 ಬಗ್ಗೆ ಖಾತ್ರಿಯಿತ್ತು. 9967 ನಿಜವಾಗಿ ಅವಿಭಾಜ್ಯವೇ, ಅಥವಾ ತಾನು ಮರೆತಿದ್ದೇನೆಯೇ? ಅದರ ಹೊಟ್ಟೆಯೊಳಗೆ ಯಾವುದಾದರೂ ಅಂಕಿ ಅವಿತಿದ್ದರೆ? ನೂರರೊಳಗಿನ ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿ ನೋಡುವುದೊಂದೇ ದಾರಿ. ಶಂಭು ಗಡಿಯಾರ ನೋಡುತ್ತ ನಿಂತ, ರಾಯರು ಪೇಪರಿನ ಸಿನಿಮಾ ಪುಟದ ಮೇಲೆ ಭಾಗಿಸುತ್ತ ಕುಳಿತರು. ಏಳರಿಂದ ಹೋಗಲಿಲ್ಲ. ಹದಿಮೂರರಿಂದ ಹೋಗಲಿಲ್ಲ. ನಲವತ್ತೇಳರಿಂದ ಭಾಗಿಸುವಾಗ ಮೂರು ಮಾತ್ರ ಉಳಿದು ಎದೆ ಹಾರಿತು. ಎಂಬತ್ತೊಂಬತ್ತರಿಂದ ಭಾಗಿಸಿದಾಗ ಎಂಬತ್ತೆಂಟು ಉಳಿಯಿತು. ಇನ್ನೊಂದೇ ಒಂದು ಹೆಚ್ಚಿದ್ದರೆ ಪೂರ್ತಿ ಭಾಗ ಹೋಗಿ ರಾಯರ ಕತೆ ಅಲ್ಲೇ ಮುಗಿಯುತ್ತಿತ್ತು. ತೊಂಬತ್ತೇಳೂ ಸೋತಾಗ ಪೆನ್ನು ಕೆಳಗಿಟ್ಟು, "ಓಡು ಶಂಭು" ಎಂದರು. ಶಂಭು ಓಡಿದ. ಅವನು ಕಾಗದ ತೂರಿಸಿದ ಹಿಂದೆಯೇ ಖಿಡಕಿ ಮುಚ್ಚಿತು.

ಪೇಂಟರನ ಹತ್ತಿರ ಪ್ಲೇಟು ಬರೆಸಿ, ಪೇಪರು ಸುತ್ತಿ, ರಾಯರು ಅದನ್ನು ಎದೆಗಪ್ಪಿಕೊಂಡು ಮಧ್ಯಾಹ್ನದ ಲೋಕಲ್ಲಿನಲ್ಲಿ ಮರಳಿದರು. ಪಕ್ಕದವರ ಮೊಣಕೈ ತಗುಲಿದರೂ ಪೂರ್ತಿ ಆರದ ಬಣ್ಣ ಕೆಟ್ಟು ಏಳು ಹೋಗಿ ಒಂದಾದೀತೆಂದು ಅವರ ಜೀವ ಹಾರುತ್ತಿತ್ತು. 9961 ಏಳರಿಂದ ಭಾಗ ಹೋಗುತ್ತದೆ, ಅದನ್ನೂ ಅವರು ಲೆಕ್ಕ ಹಾಕಿಯಾಗಿತ್ತು.

ಸಂಜೆ ಹೋಟೆಲಿನ ಎದುರು ಬಿಳಿ ಕಾರು ಸೇವಂತಿಗೆ ಮಾಲೆ ಹಾಕಿಕೊಂಡು ನಿಂತಿತ್ತು. ನಾಲ್ಕು ಚಕ್ರದಡಿ ನಾಲ್ಕು ಲಿಂಬೆಹಣ್ಣು. ಅಡುಗೆಯವರು, ಸಪ್ಲಾಯರುಗಳು, ದಿನದ ಗಿರಾಕಿಗಳು, ಕೆಲಸ ಮುಗಿಸಿ ಬಂದ ಅಂಗಾರ, ಎಲ್ಲರೂ ಸುತ್ತ ನೆರೆದಿದ್ದರು. ಜಯಲತಕ್ಕ ಕನ್ನಡಕ ಏರಿಸಿ ಪ್ಲೇಟು ನೋಡಿದರು. ಕೊನೆಯ ನಾಲ್ಕಂಕಿಯನ್ನಷ್ಟೇ ಓದಿದರು. ಮುಖ ಅರಳಿತು. ರಾಯರು ಬೆಳಿಗ್ಗೆಯಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟರು.

ಬಿಡುವುದಕ್ಕೆ ಸ್ವಲ್ಪ ಅವಸರವಾಯಿತು. ರಮಿತಕ್ಕ ಸಂತೋಷ ತಡೆಯಲಾರದೆ, "ಪೂರಾ ಕೂಡಿದ್ರೆ ಒಂಬತ್ತು ಅತ್ತೆ" ಎಂದುಬಿಟ್ಟರು.

"ಒಂಬತ್ತಾ?" ಜಯಲತಕ್ಕನ ಮುಖ ಮುದುಡಿತು. "ಒಂಬತ್ತು ಬಂದ್ರೆ ಭಾಗ ಹೋಗ್ತದೆ ಅಂತ ರಾಯರೇ ಹೇಳಿದ್ರಲ್ಲ."

ಎಲ್ಲರೂ ರಾಯರ ಕಡೆ ತಿರುಗಿದರು. ಕುಶಲ ಕಣ್ಣಿನಲ್ಲೇ ಬೇಡಿಕೊಂಡ. ಪೂರಾ ಪ್ಲೇಟಿನ ಲೆಕ್ಕ ಹಿಡಿದರೆ 59967 ಒಂಬತ್ತರಿಂದ ಸಲೀಸಾಗಿ ಭಾಗ ಹೋಗುತ್ತದೆಂದು ರಾಯರಿಗೆ ಗೊತ್ತಿತ್ತು. ಯಾರೂ ಆ ಲೆಕ್ಕಕ್ಕೆ ಕೈ ಹಾಕದ ಹಾಗೆ ಮಾತಿನಲ್ಲಿ ಮುಳುಗಿಸಿಬಿಡಬೇಕು. ಅವರು ಕಾರಿನ ಮುಂದೆ ಬಂದು ನಿಂತು ಗಂಟಲು ಸರಿಮಾಡಿಕೊಂಡರು.

"ಅಮ್ಮ, ಆ ಐದು ಕಲ್ಯಾಣದ್ದು, ಊರಿನವರಿಗೆಲ್ಲ ಕೊಡುವಂಥದ್ದು. ಅದು ನೆಂಟರ ಹಾಗೆ, ಬಾಗಿಲಲ್ಲಿ ಕೂರ್ತದೆ. ಮನೆಯವರು ಅಂದ್ರೆ ಈ ನಾಲ್ಕು ಅಂಕಿ. ಇದನ್ನ ಎರಡು ಬಂದು ಕೇಳಿದ್ರೂ ಪಾಲು ಆಗುದಿಲ್ಲ, ಮೂರು ಬಂದ್ರೂ ಆಗುದಿಲ್ಲ. ಹೊರಗಿನವರು ಯಾರೇ ಬಂದು ಒಡೀಲಿಕ್ಕೆ ನೋಡಿದ್ರೂ ಏನಾದ್ರೂ ಉಳಿದು ಅವರ ಲೆಕ್ಕ ಕೆಡ್ತದೆ. ನಾನು ಇವತ್ತು ಒಂದೊಂದಾಗಿ ಭಾಗಿಸಿ ನೋಡಿದ್ದೇನೆ."

ಇಷ್ಟು ಜನ ತನ್ನ ಗಣಿತ ಕೇಳುತ್ತಿದ್ದಾರೆ ಎಂಬುದೇ ರಾಯರಿಗೆ ನಶೆ ಏರಿಸಿತು. ನಿಲ್ಲಿಸಬಹುದಾಗಿತ್ತು, ನಿಲ್ಲಿಸಲಿಲ್ಲ.

"ಇದನ್ನ ಭಾಗಿಸ್ಲಿಕ್ಕೆ ಆಗುದು ಎರಡೇ ರೀತಿ. ಒಂದರಿಂದ ಭಾಗಿಸಿದ್ರೆ ಇದ್ದದ್ದು ಇದ್ದಷ್ಟೇ ಇರ್ತದೆ. ಅದು ಒಂದಾಗಿ ಇರುವ ಮನೆ. ಇನ್ನೊಂದು, ಅದು ತನ್ನನ್ನು ತಾನೇ ಭಾಗಿಸಿಕೊಳ್ಳುದು. ಆಗ ಎಷ್ಟು ಸಿಗ್ತದೆ ಗೊತ್ತುಂಟಾ? ಬರೀ ಒಂದು. ಹತ್ತಿರ ಹತ್ತಿರ ಹತ್ತು ಸಾವಿರ ಇದ್ದದ್ದು ಕರಗಿ ಒಂಟಿ ಒಂದಾಗಿ ನಿಲ್ತದೆ. ಬೇರೆಯವರಿಂದ ಅದಕ್ಕೆ ಏನೂ ಆಗುದಿಲ್ಲ, ತನ್ನಿಂದ ತಾನೇ ಹಾಳಾದ್ರೆ ಮಾತ್ರ."

ಜಯಲತಕ್ಕ ಸೆರಗು ಕಣ್ಣಿಗೊತ್ತಿಕೊಂಡರು. ಸರ್ವೋತ್ತಮ ಶೆಟ್ಟರು ನೆಲ ನೋಡಿದರು. ಕುಶಲ ಅಣ್ಣನ ಕೈ ಹಿಡಿದುಕೊಂಡ.

"ಅಣ್ಣ, ನನಗೆ ಪಾಲು ಬೇಡ. ತಪ್ಪಾಯ್ತು."

ಸರ್ವೋತ್ತಮ ಶೆಟ್ಟರು ತಮ್ಮನನ್ನು ತಬ್ಬಿಕೊಂಡರು. ರಮಿತಕ್ಕ ಅತ್ತೆಯನ್ನು ತಬ್ಬಿಕೊಂಡರು. ಅಡುಗೆಯವರೂ ಅತ್ತರು. ತನ್ನ ಮಾತಿಗೆ ಇಷ್ಟು ಶಕ್ತಿ ಇದೆಯೆಂದು ಮುರಾರಿರಾಯರಿಗೂ ಅಳು ಬಂತು. ಮೂಗೊರೆಸಿಕೊಳ್ಳಲು ಕರವಸ್ತ್ರ ತೆಗೆದರು.

"ಪಾಲೇ ಇಲ್ಲ ಅಂದ ಮೇಲೆ ರಬಾಳೆ ಯಾಕೆ" ಎಂದ ಕುಶಲ. "ನನ್ನ ಪಾಲಿನಲ್ಲಿ ಬೇರೆ ಹೋಟೆಲು ಮಾಡ್ಬೇಕು ಅಂತ ಇದ್ದೆ. ಆ ಜಾಗದವನಿಗೆ ನಾಳೆಯೇ ಬೇಡ ಅಂತೇನೆ. ನಾವೆಲ್ಲ ಇಲ್ಲಿಯೇ ಇರುವ."

ರಾಯರ ಕರವಸ್ತ್ರ ಮೂಗಿನ ಹತ್ತಿರವೇ ನಿಂತಿತು.

"ಕುಶಲಣ್ಣ, ಹಾಗಾದ್ರೆ ನನ್ನ ಆ ವಿಷಯ..."

"ನಿಮ್ಮನ್ನ ಬಿಡ್ತೇವಾ ರಾಯರೇ?" ಕುಶಲ ಒದ್ದೆ ಕಣ್ಣಿನಲ್ಲೇ ನಕ್ಕು ಅವರ ಹೆಗಲ ಮೇಲೆ ಕೈ ಹಾಕಿದ. "ಒಡೆದ ಮನೆಯನ್ನ ಒಂದು ಮಾಡಿದವರು ನೀವು. ನೀವು ಗಲ್ಲಾ ಬಿಟ್ಟು ಎಲ್ಲಿಗೂ ಹೋಗ್ಲಿಕ್ಕಿಲ್ಲ, ರಿಟೈರ್ ಆಗುವವರೆಗೆ." ಜಯಲತಕ್ಕ ಒಡೆದ ತೆಂಗಿನಕಾಯಿಯ ಒಂದು ಕಡಿಯನ್ನು ರಾಯರ ಕೈಯಲ್ಲಿಟ್ಟು, ಮಗನ ಮಾತಿಗೆ ತಲೆದೂಗಿದರು.

ಲಿಂಬೆಹಣ್ಣು ಅಪ್ಪಚ್ಚಿಯಾಯಿತು. ಅಮ್ಮ, ಮಕ್ಕಳು, ಸೊಸೆ ಎಲ್ಲರೂ ಒಟ್ಟಿಗೆ ಕಾರು ಹತ್ತಿ ದೇವಸ್ಥಾನಕ್ಕೆ ಹೊರಟರು. ಹೊಗೆ ಆರುವ ಮೊದಲೇ ಅಂಗಾರ ಹತ್ತಿರ ಬಂದು, "ಮುರಾರಿಯಣ್ಣ, ನನಗೂ ನನ್ನ ತಮ್ಮನಿಗೂ ಊರಿನ ಜಾಗದ ಗಲಾಟೆ ಉಂಟು. ಒಂದು ಬೈಕ್ ತಗೊಳ್ತೇನೆ, ಇಂಥದ್ದೇ ನಂಬರು ತೆಗ್ಸಿಕೊಡಿ" ಎಂದ. ಅವನ ಹಿಂದೆ ಇನ್ನಿಬ್ಬರು ನಿಂತಿದ್ದರು.

ರಾಯರು ಒಳಗೆ ಹೋಗಿ ಗಲ್ಲಾದಲ್ಲಿ ಕುಳಿತರು. ಆ ಕುರ್ಚಿ ತಿರುಗುವಂಥದ್ದಲ್ಲ. ಮೊಬೈಲು ಹೊಡೆದುಕೊಂಡಿತು.

"ನೀವು ಬೈಬಾರದು" ಎಂದಳು ಬಾಗಿ. "ಅಂಗಾರಣ್ಣ ಬೆಳಿಗ್ಗೆ ಹೋಗುವಾಗಲೇ ಇವತ್ತು ಆಗಿಯೇ ಹೋಗ್ತದೆ ಅಂತ ಕಟ್ಟಡಕ್ಕೆಲ್ಲ ಹೇಳಿಹೋಗಿದ್ರು. ಎಲ್ಲರೂ ಬಂದು ಕೈ ಕುಲುಕ್ತಿದ್ರು, ನನಗೂ ತಡೀಲಿಲ್ಲ. ಪೇಡೆ ತರ್ಸಿ ಹಂಚಿದೆ. ಸುದ್ದಿ ಪಕ್ಕಾ ಆಯ್ತಲ್ಲ?"

ರಾಯರು ತೆಂಗಿನಕಾಯಿಯ ಕಡಿಯನ್ನು ಗಲ್ಲಾದ ಮೇಲಿಟ್ಟರು.

"ಎಲ್ಲರಿಗೂ ಎರಡೆರಡು ಕೊಟ್ಟೆ. ಹೇಗೆ ಹಂಚಿದ್ರೂ ಒಂದು ಉಳೀತು. ಅದನ್ನ ನಿಮಗೆ ಅಂತ ತೆಗ್ದಿಟ್ಟಿದ್ದೇನೆ."

"ಆಯ್ತು" ಎಂದು ಮುರಾರಿರಾಯರು ಫೋನಿಟ್ಟು, ಮೂರನೇ ಟೇಬಲಿನ ಬಿಲ್ಲು ತೆಗೆದುಕೊಂಡರು.